ಅಬುಧಾಬಿಯಲ್ಲಿ ಓಯಿನ್‌ನ ಮೊಣಕಾಲು

ಹಾಲ್

ಧ್ವಜದ ಒಂದು ಮೂಲೆಯನ್ನು ಏಸಿಯ ಜಾಲರಿಗೆ ಶೂ ಲೇಸಿನಿಂದ ಕಟ್ಟಿದ್ದರು. ಲೇಸು ಬಿಳಿಯದು, ತುದಿಯ ಪ್ಲಾಸ್ಟಿಕ್ ಕಿತ್ತುಹೋಗಿ ನೂಲು ಬಿಚ್ಚಿಕೊಂಡಿತ್ತು. ಏಸಿ ಜೋರಾದಾಗಲೆಲ್ಲ ಧ್ವಜ ಎದ್ದು ಅದರ ನೆರಳು ಪರದೆಯ ಮೇಲೆ ಬೀಳುತ್ತಿತ್ತು. ಆಗ ಮೈದಾನದ ಎಡಭಾಗದಲ್ಲಿ ಓಡುತ್ತಿದ್ದವರೆಲ್ಲ ಒಂದು ಕ್ಷಣ ಕಾಣೆಯಾಗುತ್ತಿದ್ದರು.

"ಅದನ್ನೊಂದು ಚೂರು ಸರಿಸಬಾರದಾ?" ಎಂದು ಕೇಳಿದೆ.

"ಅದು ಎದುರು ಕಡೆಯವರ ಧ್ವಜ. ನಾವು ಮುಟ್ಟುವ ಹಾಗಿಲ್ಲ" ಎಂದಳು ನೋರಾ.

ಎದುರು ಕಡೆಯವರು ನಮ್ಮ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಪಕ್ಕದಲ್ಲೂ ಕುಳಿತಿದ್ದರು. ಹಾಲ್‌ನಲ್ಲಿ ಸುಮಾರು ಮೂವತ್ತು ಮಂದಿ ಐರಿಷ್ ಜನ. ಯಾರು ಯಾವ ಕಡೆಯೆಂದು ಅಂಗಿಯ ಬಣ್ಣದಿಂದಷ್ಟೇ ತಿಳಿಯಬೇಕು. ಹಸಿರು ಅಂಗಿಯವರ ಮಡಿಲಲ್ಲಿ ಕೆಂಪು ಅಂಗಿಯವರ ಮಗು ನಿದ್ದೆ ಮಾಡುತ್ತಿತ್ತು.

ನಾನು ಮಂಗಳೂರಿನಿಂದ ವಿಸಿಟ್ ವೀಸಾದಲ್ಲಿ ಅಕ್ಕನ ಮನೆಗೆ ಬಂದವಳು. ಅಕ್ಕ ಜೊಹರಾ ಇಲ್ಲಿನ ಒಂದು ಕ್ಲಿನಿಕ್‌ನಲ್ಲಿ ಫಿಸಿಯೊಥೆರಪಿಸ್ಟ್. ಭಾವ ಹನೀಫ್ ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ಮೊಬೈಲ್ ಮತ್ತು ಪ್ರೊಜೆಕ್ಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದಾರೆ. ನೋರಾ ಒಂದು ಶಾಲೆಯಲ್ಲಿ ಆಟದ ಟೀಚರ್. ಹಿಂದೆ ಕಾಲು ಉಳುಕಿಸಿಕೊಂಡು ಅಕ್ಕನ ಬಳಿ ಬಂದವಳು, ಕಾಲು ವಾಸಿಯಾದ ಮೇಲೂ ಬರುತ್ತಿದ್ದಾಳೆ. ಅವಳ ಊರಿನ ತಂಡ ಕೌಂಟಿಯ, ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆಯ, ಗೇಲಿಕ್ ಫುಟ್‌ಬಾಲ್ ಫೈನಲ್‌ಗೆ ಬಂದಿತ್ತು. ಅಲ್ಲಿ ನಡೆಯುವ ಆಟವನ್ನು ಇಲ್ಲಿ ಎಲ್ಲರೂ ಒಟ್ಟಿಗೆ ನೋಡಲು ಪ್ರೊಜೆಕ್ಟರ್ ಬೇಕಿತ್ತು. ಭಾವ ತಂದು ಜೋಡಿಸಿಕೊಟ್ಟರು. ಬಾಡಿಗೆ ತೆಗೆದುಕೊಳ್ಳಲಿಲ್ಲವಾದ್ದರಿಂದ ನಮ್ಮ ಮೂವರನ್ನೂ ಕೂರಿಸಿ ಚಹಾ ಕೊಟ್ಟರು.

ಈ ಆಟದಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಗೋಲ್ ಕಂಬಗಳು ಅಡ್ಡಪಟ್ಟಿಯ ಮೇಲಕ್ಕೂ ಉದ್ದಕ್ಕೆ ನಿಂತಿರುತ್ತವೆ. ಚೆಂಡು ಪಟ್ಟಿಯ ಕೆಳಗೆ ಹೋದರೆ ಹೆಚ್ಚು ಅಂಕ, ಮೇಲೆ ಹೋದರೆ ಕಡಿಮೆ. ನಿಯಮಗಳ ವಿಷಯದಲ್ಲಿ ನನಗೆ ತಿಳಿದದ್ದು ಇಷ್ಟೇ. ಆಡುವವರಿಗೆ ಸಂಬಳವಿಲ್ಲ. ಹುಟ್ಟಿದ ಊರಿಗೇ ಆಡಬೇಕು; ಚೆನ್ನಾಗಿ ಆಡುತ್ತಾನೆಂದು ಇನ್ನೊಂದು ಊರು ಕರೆದುಕೊಂಡು ಹೋಗುವುದಿಲ್ಲ. ಅಂದು ಆಡುತ್ತಿದ್ದ ಎರಡು ಊರುಗಳ ನಡುವೆ ಒಂದು ಹೊಳೆ, ಒಂದು ಸೇತುವೆ. ನಮ್ಮ ಕಡೆಯ ಪಾಣೆಮಂಗಳೂರಿಗೂ ಬಿ.ಸಿ. ರೋಡಿಗೂ ಇರುವಷ್ಟೇ ದೂರವೆಂದು ಭಾವ ನೋರಾಳ ಫೋನಿನಲ್ಲಿ ನಕ್ಷೆ ನೋಡಿ ತೀರ್ಮಾನಿಸಿದರು. ಅಲ್ಲಿಂದ ಮುಂದೆ ಅವರಿಗೆ ಹಸಿರು ಅಂಗಿಯ ಊರು ಬಿ.ಸಿ. ರೋಡ್, ನೋರಾಳ ಕೆಂಪು ಅಂಗಿಯ ಊರು ಪಾಣೆಮಂಗಳೂರು.

ಪಾಣೆಮಂಗಳೂರಿನ ಪರವಾಗಿ ಫ್ರೀ ಕಿಕ್ ಒದೆಯುವವನು ನೋರಾಳ ತಮ್ಮ ಓಯಿನ್. ಆಟ ಶುರುವಾಗುವ ಮೊದಲೇ ನನಗೆ ಅವನ ಬಗ್ಗೆ, ಆ ಹಾಲ್‌ನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲವೆಂದು ನಾವು ತಿಳಿದಿದ್ದ ಒಂದು ಸಂಗತಿ ಗೊತ್ತಿತ್ತು. ಅವನ ಎಡ ಮೊಣಕಾಲಿನ ಒಳಗಿನ ಮೆತ್ತೆ ಹರಿದಿತ್ತು. ಕೋಚ್‌ಗೆ ಹೇಳಿದರೆ ಆಡಲು ಬಿಡುವುದಿಲ್ಲವೆಂದು ಬಚ್ಚಿಟ್ಟಿದ್ದ. ಅವನ ಸ್ಕ್ಯಾನ್ ರಿಪೋರ್ಟನ್ನು ನೋರಾ ಅಕ್ಕನಿಗೆ ತೋರಿಸಿ, ಯಾರಿಗೂ ಹೇಳಬೇಡ ಎಂದಿದ್ದಳು. ಆಡಿದರೆ ಜೀವನಪೂರ್ತಿ ಕುಂಟುತ್ತಾನೆ ಎಂದು ಅಕ್ಕ ಸ್ಪಷ್ಟವಾಗಿ ಹೇಳಿದ್ದಳು. ನೋರಾ ಅದನ್ನು ತಮ್ಮನಿಗೆ ದಾಟಿಸಿದ್ದಳು. ಅವನು ಕೇಳಲಿಲ್ಲ. ಅಕ್ಕ ಇದನ್ನೆಲ್ಲ ಊಟದ ಹೊತ್ತಿನಲ್ಲಿ ನಮ್ಮ ಮುಂದೆ ಹೇಳಿದ್ದಳು. ಮನೆಯವರು ಅಂದರೆ ಹೊರಗಿನವರಲ್ಲ ಎಂಬ ಲೆಕ್ಕ.

ಕೊನೆಯ ಒದೆತ

ಎರಡೂ ಕಡೆಯ ಅಂಕಗಳು ಸಮವಾಗಿದ್ದವು. ಆಟ ಮುಗಿಯಲು ಹೆಚ್ಚು ಹೊತ್ತು ಇರಲಿಲ್ಲ. ಕೆಂಪಿನವರಿಗೆ ಗೋಲಿನ ಹತ್ತಿರವೇ ಒಂದು ಫ್ರೀ ಕಿಕ್ ಸಿಕ್ಕಿತು. ಹಾಲ್‌ನಲ್ಲಿ ಕುರ್ಚಿಗಳ ಸದ್ದು ನಿಂತಿತು.

ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು: "ಅವನು ಬಲಗಾಲಲ್ಲಿ ಒದೆಯುವವ. ಒದೆಯುವಾಗ ಇಡೀ ಭಾರ ಎಡಗಾಲಿನ ಮೇಲೆ ಬೀಳ್ತದೆ. ನೋಡು."

ಓಯಿನ್ ಎರಡು ಸಲ ಹುಲ್ಲಿಗೆ ಕಾಲು ಒತ್ತಿ ನೋಡಿದ. ಓಡಿ ಬಂದ. ಕೊನೆಯ ಹೆಜ್ಜೆ ಇರಬೇಕಾದ್ದಕ್ಕಿಂತ ಚಿಕ್ಕದಾಯಿತು. ಚೆಂಡು ಕಂಬದ ಹೊರಗೆ ಹೋಯಿತು.

ಆಟ ಡ್ರಾ ಆಯಿತು. ಮುಂದಿನ ಭಾನುವಾರ ಪುನಃ ಆಡಬೇಕು.

ನಾನು ಬಾಲ್ಯದಿಂದ ಕಂಡದ್ದು ನಮ್ಮೂರಿನ ವಾಲಿಬಾಲ್ ಟೂರ್ನಮೆಂಟುಗಳು. ಅಲ್ಲಿ ಆಟ ಮುಗಿದ ಮೇಲೆ ಇನ್ನೊಂದು ಆಟ ಶುರುವಾಗುತ್ತದೆ. ಅಂಪೈರ್ ಕುರುಡ, ನೆಟ್ ತಗ್ಗಿತ್ತು, ಲೈಟು ಕಣ್ಣಿಗೆ ಹೊಡೆಯುತ್ತಿತ್ತು. ನಮ್ಮ ಕಡೆ ಸೋತವನಿಗೆ ಯಾವಾಗಲೂ ಹಿಂದಿನ ದಿನದಿಂದ ಜ್ವರ ಇರುತ್ತದೆ. ಅವನಿಗೆ ಜ್ವರವಿತ್ತೆಂದು ಹೇಳುವುದು ಅವನ ಮನೆಯವರ, ಗೆಳೆಯರ, ಕೊನೆಗೆ ಊರಿನವರೆಲ್ಲರ ಕರ್ತವ್ಯ. ಆದ್ದರಿಂದ ಈ ಹಾಲ್‌ನಲ್ಲೂ ಈಗ ಜ್ವರದ ಮಾತು ಬರುತ್ತದೆ ಎಂದು ಕಾದೆ.

ಬರಲಿಲ್ಲ. ಎಲ್ಲರೂ ಎದ್ದು ಚಹಾದ ಸಾಲಿನಲ್ಲಿ ನಿಂತರು. ಸಾಲಿನಲ್ಲಿ ಕೆಂಪೂ ಹಸಿರೂ ಬೆರೆತಿದ್ದವು.

"ನಾವು ಗೆಲ್ಲಬೇಕಾದವರೇ ಅಲ್ಲ. ಇಡೀ ಆಟ ಮಲಗಿದ್ದೆವು" ಎಂದ ಒಬ್ಬ ಹಸಿರು ಅಂಗಿಯವ.

"ನೀವು ಮಲಗಿದ್ದಿರಿ, ನಾವು ಸತ್ತಿದ್ದೆವು" ಎಂದಳು ಕೆಂಪು ಅಂಗಿಯ ಹೆಂಗಸು. "ನಮ್ಮ ಗೋಲ್‌ಕೀಪರ್‌ಗಿಂತ ಈ ಟೇಬಲ್ ಚೆನ್ನಾಗಿ ಹಾರುತ್ತದೆ."

"ಮುಂದಿನ ವಾರ ನೀವು ನಮ್ಮನ್ನು ಪುಡಿ ಮಾಡ್ತೀರಿ, ನೋಡಿ."

"ಎಲ್ಲಿಂದ? ನಮ್ಮಲ್ಲಿ ಓಡುವವರೇ ಇಲ್ಲ."

ಭಾವ ಬಾಗಿ ನನಗೆ ಹೇಳಿದರು: "ಇದೆಂಥದು ಮಾರಾಯ್ತಿ? ಯಾರು ಹೆಚ್ಚು ಕೆಟ್ಟದಾಗಿ ಆಡಿದ್ದು ಅಂತ ಸ್ಪರ್ಧೆ ಉಂಟಾ ಇಲ್ಲಿ?"

ಸ್ಪರ್ಧೆಯೇ ಇತ್ತು. ತಮ್ಮವರನ್ನು ಹೊಗಳಿದವನು ಮುಂದಿನ ಸೋಲನ್ನು ತಾನೇ ಕರೆದ ಹಾಗೆ ಎಂದು ಅವರು ನಂಬಿದಂತೆ ಕಾಣುತ್ತಿತ್ತು. ಆಮೇಲೆ ಮಾತು ಓಯಿನ್‌ನ ಕಡೆಗೆ ತಿರುಗಿತು. ಕೆಂಪು ಅಂಗಿಯವರೇ ತಿರುಗಿಸಿದರು.

"ಆ ಒದೆತ ನನ್ನ ಅಜ್ಜಿ ಹಾಕುತ್ತಿದ್ದಳು."

"ಚಪ್ಪಲಿ ಹಾಕಿಕೊಂಡು."

ಎಲ್ಲರಿಗಿಂತ ಜೋರಾಗಿ ಮಾತಾಡಿದವಳು ನೋರಾ. ಕೈಯಲ್ಲಿ ಚಹಾದ ಕಪ್ಪು ಹಿಡಿದು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಹುಟ್ಟಿದಾಗಿನಿಂದ ಸೋಮಾರಿ. ಬೆಳಿಗ್ಗೆ ಎಬ್ಬಿಸಲು ಅಮ್ಮ ನೀರು ಎರಚಬೇಕಿತ್ತು. ಇವತ್ತೂ ಯಾರಾದರೂ ಎರಚಬೇಕಿತ್ತು. ನಾಚಿಕೆಯಾಗುತ್ತದೆ ಅವನ ಅಕ್ಕ ಎಂದು ಹೇಳಿಕೊಳ್ಳಲು."

ನಗು ಎದ್ದಿತು. ನೋರಾಳ ಮುಖದಲ್ಲಿ ನಗುವಿರಲಿಲ್ಲ. ಅವಳು ಬೇಕೆಂದೇ ಬೈಯುತ್ತಿದ್ದಾಳೆಂದು ನನಗೆ ಆಗ ತಿಳಿಯಿತು. ಅವನ ಸ್ವಂತ ಅಕ್ಕನೇ ಇಷ್ಟು ಬೈದರೆ, ಕಾಲಿಗೆ ಏನಾಗಿದೆ ಎಂದು ಯಾರೂ ಕೇಳುವುದಿಲ್ಲ.

ಭಾವನಿಗೆ ಅದು ತಿಳಿಯಲಿಲ್ಲ. ಒಡಹುಟ್ಟಿದವಳು ಹತ್ತು ಜನರ ಮುಂದೆ ತಮ್ಮನನ್ನು ಹೀಗೆ ಅನ್ನುವುದನ್ನು ಅವರು ಜನ್ಮದಲ್ಲಿ ಕಂಡವರಲ್ಲ. ಪಾಪ ಎನಿಸಿತು. ಕಪ್ಪನ್ನು ಕೆಳಗಿಟ್ಟು, ತಮಗೆ ಬರುವ ಇಂಗ್ಲಿಷಿನಲ್ಲಿ, ಎಲ್ಲರಿಗೂ ಅರ್ಥವಾಗಲೆಂದು ನಿಧಾನವಾಗಿ ಹೇಳಿದರು:

"ಹಾಗೆ ಹೇಳಬೇಡಿ ಮ್ಯಾಡಂ. ಪಾಪ, ಆ ಹುಡುಗ ಏನು ಮಾಡಿಯಾನು? ಎಡ ಮೊಣಕಾಲು ಪೂರ್ತಿ ಹೋಗಿದೆ ಅಲ್ಲವಾ? ನನ್ನ ಹೆಂಡತಿ ರಿಪೋರ್ಟ್ ನೋಡಿದ್ದಾಳೆ. ಅಂಥ ಕಾಲಿನಲ್ಲಿ ಇಷ್ಟು ಆಡಿದ್ದೇ ದೊಡ್ಡದು."

ಚಹಾದ ಸಾಲು ನಿಂತುಬಿಟ್ಟಿತು. ಅಕ್ಕ ಭಾವನ ತೋಳು ಹಿಡಿದಳು, ಆದರೆ ಮಾತು ಮುಗಿದಿತ್ತು. ನೋರಾ ಭಾವನನ್ನು ನೋಡಲಿಲ್ಲ. ಅಕ್ಕನನ್ನು ನೋಡಿದಳು. ನಂತರ ಕಪ್ಪನ್ನು ಟೇಬಲ್ ಮೇಲಿಟ್ಟು ಹೊರಗೆ ಹೋದಳು.

ಹಸಿರು ಅಂಗಿಯ ಹಿರಿಯರೊಬ್ಬರು, ಮಾರ್ಟಿನ್ ಎಂದು ಅವರ ಹೆಸರು, ಸಕ್ಕರೆಯ ಡಬ್ಬಿಯ ಮುಚ್ಚಳ ತೆಗೆದು, ಮುಚ್ಚಿ, "ಸಕ್ಕರೆ ಬೇಕಾ ಯಾರಿಗಾದರೂ?" ಎಂದು ಕೇಳಿದರು. ಯಾರಿಗೂ ಬೇಡವಾಗಿತ್ತು.

ಎಲೆಕ್ಟ್ರಾ ಸ್ಟ್ರೀಟ್

ಪ್ರೊಜೆಕ್ಟರನ್ನು ಅಂಗಡಿಯಲ್ಲಿ ಇಳಿಸಬೇಕಿತ್ತು. ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ಪಾರ್ಕಿಂಗ್ ಸಿಗದೆ ಒಂದೇ ಕಟ್ಟಡವನ್ನು ಮತ್ತೆ ಮತ್ತೆ ಸುತ್ತಿದೆವು. ಸುಮ್ಮನಿರುವುದು ಭಾವನಿಗೆ ಕಷ್ಟ.

"ನಾನು ಒಳ್ಳೆದಕ್ಕೇ ಹೇಳಿದ್ದು, ಜೊಹರಾ."

"ಗೊತ್ತು."

"ನಮ್ಮಲ್ಲಿ ಆದ್ರೆ ಕೇಳಿದವರು ಪಾಪ ಅಂತಿದ್ರು."

"ಅಲ್ಲಿ ಬಿ.ಸಿ. ರೋಡಿನವರು ಹದಿನೈದು ಜನ ಇದ್ರು. ಭಾನುವಾರ ಪುನಃ ಮ್ಯಾಚು. ಎಡಗಾಲು ಅಂತಲೂ ಹೇಳಿದ್ದೀರಿ ನೀವು. ಇನ್ನು ಅವರು ಯಾವ ಕಾಲಿಗೆ ಬೀಳ್ತಾರೆ ಹೇಳಿ?"

ಭಾವ ಕಾರು ನಿಲ್ಲಿಸಿದರು. ನಿಲ್ಲಿಸಬಾರದ ಜಾಗ, ಹಿಂದಿನ ಟ್ಯಾಕ್ಸಿಯವನು ಹಾರ್ನ್ ಒತ್ತಿದ.

"ಅಷ್ಟು ಮಾತ್ರ ಅಲ್ಲ. ಅವಳು ನನ್ನ ಹತ್ರ ಪೇಷಂಟ್ ಆಗಿ ಬಂದವಳು. ನಂಬಿ ತೋರಿಸಿದ್ದು. ನಾನು ಮನೆಗೆ ತಂದೆ, ನೀವು ಹಾಲ್‌ಗೆ ತಕೊಂಡು ಹೋದ್ರಿ. ಇನ್ನು ಯಾವ ಮುಖ ತೋರಿಸ್ಲಿ ನಾನು?"

ಅಕ್ಕ ಫೋನ್ ತೆಗೆದಳು. ನೋರಾಳ ಹೆಸರಿನವರೆಗೆ ಬೆರಳು ಹೋಯಿತು. ಕರೆ ಮಾಡದೆ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು.

"ಆ ಸಕ್ಕರೆ ಡಬ್ಬಿಯ ಅಜ್ಜ ದುಬೈಯಲ್ಲಿ ಇರುವುದು" ಎಂದರು ಭಾವ. "ಜುಮೇರಾ ಲೇಕ್ ಟವರ್ಸ್‌ನಲ್ಲಿ ಆಫೀಸು. ನನಗೆ ಕಾರ್ಡ್ ಕೊಟ್ಟಿದ್ದಾರೆ. ನಾಳೆ ಸಾಮಾನು ತರ್ಲಿಕ್ಕೆ ನಾನು ದುಬೈಗೆ ಹೋಗುವವನೇ. ಹೋಗಿ ಕೇಳಿಕೊಳ್ಳುವ. ದೊಡ್ಡವರು ಒಂದು ಮಾತು ಹೇಳಿದರೆ ಅವರ ಕಡೆಯ ಹುಡುಗರು ಕೇಳ್ಳಿಕ್ಕಿಲ್ವಾ?"

ಇದೂ ನಮ್ಮ ಊರಿನ ಕ್ರಮವೇ. ತಪ್ಪಾದರೆ ಮನೆಗೆ ಹೋಗಿ, ಕೈಯಲ್ಲೇನಾದರೂ ಹಿಡಿದುಕೊಂಡು, ಹಿರಿಯರ ಎದುರು ನಿಲ್ಲುವುದು. ಅಕ್ಕ ಬೇಡವೆನ್ನಲಿಲ್ಲ. "ನೀನೂ ಹೋಗು" ಎಂದು ನನಗೆ ಹೇಳಿದಳು. "ಇವರ ಬಾಯಿ ನೋಡಿಕೊಳ್ಳಲಿಕ್ಕೆ ಒಬ್ಬರು ಬೇಕು."

ಜುಮೇರಾ ಲೇಕ್ ಟವರ್ಸ್

ಇಲ್ಲಿ ಗೋಪುರಗಳು ಕೃತಕ ಕೆರೆಗಳ ಸುತ್ತ ನಿಂತಿವೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ನಾವು ಮೊದಲು ಬೇರೆ ಗೋಪುರಕ್ಕೆ ಹೋಗಿ, ಅಲ್ಲಿನ ರಿಸೆಪ್ಷನ್‌ನಲ್ಲಿ ಹೆಸರು ಹೇಳಿ, ಅಂಥವರು ಯಾರೂ ಇಲ್ಲವೆಂದು ತಿಳಿದು, ಕೆರೆಯ ದಂಡೆಯಲ್ಲಿ ನಡೆದು ಸರಿಯಾದದ್ದನ್ನು ಹುಡುಕಿದೆವು. ಭಾವನ ಕೈಯಲ್ಲಿ ಕಲ್ಲಿಕೋಟೆ ಹಲ್ವಾದ ಪೆಟ್ಟಿಗೆ. ಬಿಸಿಲಿಗೆ ಎಣ್ಣೆ ಬಿಟ್ಟು ರಟ್ಟಿನ ಮೂಲೆ ಕಪ್ಪಾಗಿತ್ತು.

ಮಾರ್ಟಿನ್ ಕೆಳಗಿನ ಲಾಬಿಗೆ ಇಳಿದು ಬಂದರು. ಇವತ್ತು ಹಸಿರು ಅಂಗಿ ಇರಲಿಲ್ಲ. ಇಸ್ತ್ರಿ ಮಾಡಿದ ತೆಳು ನೀಲಿ ಶರ್ಟು. ಪೆಟ್ಟಿಗೆಯನ್ನು ನೋಡಿ ಕೇಳಿದರು, "ಲಂಚವಾ?"

"ಅಲ್ಲ ಸರ್. ಹಲ್ವಾ."

"ಹಾಗಾದರೆ ಸರಿ" ಎಂದು ತೆಗೆದುಕೊಂಡು ಪಕ್ಕದ ಸೋಫಾ ತೋರಿಸಿದರು.

ಭಾವ ಎಲ್ಲವನ್ನೂ ಹೇಳಿದರು. ತಾನು ಹೇಳಬಾರದಿತ್ತು, ಹೆಂಡತಿಯ ಮರ್ಯಾದೆ, ಆ ಹುಡುಗನ ಕಾಲು, ಭಾನುವಾರದ ಆಟ, ಅವರ ಕಡೆಯ ಹುಡುಗರಿಗೆ ದಯವಿಟ್ಟು ತಿಳಿಸಬಾರದು. ಎರಡು ಸಲ ನಾನು ಅವರ ಷೂ ತುಳಿದೆ. ಅವರು ಕಾಲು ಸರಿಸಿ ಮುಂದುವರಿಸಿದರು.

ಮಾರ್ಟಿನ್ ಪೂರ್ತಿ ಕೇಳಿದರು. ಆಮೇಲೆ ಕೇಳಿದರು: "ನೀವು ನಿನ್ನೆ ಮ್ಯಾಚ್ ನೋಡಿದಿರಲ್ಲ?"

"ನೋಡಿದೆ ಸರ್."

"ಓಯಿನ್‌ಗೆ ಅಂಟಿಕೊಂಡೇ ಓಡುತ್ತಿದ್ದ ನಮ್ಮ ಹುಡುಗ, ಅವನು ನನ್ನ ತಂಗಿಯ ಮಗ. ಇಡೀ ಹೊತ್ತು ಓಯಿನ್‌ನನ್ನು ಎಡಗಾಲಿನ ಮೇಲೇ ತಿರುಗಿಸುತ್ತಿದ್ದ. ಕಾಣಲಿಲ್ಲವಾ?"

ಮಾರ್ಟಿನ್ ಹಲ್ವಾದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು.

"ಓಯಿನ್ ಎಲೆಕ್ಟ್ರಿಷಿಯನ್. ಬೇಸಿಗೆಯಲ್ಲಿ ನನ್ನ ತಂಗಿಯ ಮನೆಗೆ ಲೈಟ್ ಹಾಕಲು ಬಂದಿದ್ದ. ಏಣಿಯಿಂದ ಇಳಿಯುವಾಗ ಪ್ರತಿ ಮೆಟ್ಟಿಲ ಮೇಲೂ ಎರಡೂ ಕಾಲುಗಳನ್ನು ಇಟ್ಟು ಇಳಿದ. ಚಿಕ್ಕ ಮಗುವಿನ ಹಾಗೆ. ಆವತ್ತು ಸಂಜೆಯೊಳಗೆ ಸೇತುವೆಯ ನಮ್ಮ ಕಡೆ ಎಲ್ಲರಿಗೂ ಗೊತ್ತಾಯಿತು."

"ಗೊತ್ತಿದ್ದೂ ಆ ಕಾಲಿನ ಮೇಲೇ ಆಡಿದಿರಾ?" ಎಂದರು ಭಾವ.

"ಕಾಲಿಗೆ ಒದೆಯಲಿಲ್ಲ. ತಿರುಗಿಸಿದೆವು. ಅದು ಆಟ" ಎಂದರು ಮಾರ್ಟಿನ್. ಅವರ ದನಿಯಲ್ಲಿ ಹೆಮ್ಮೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ನಮ್ಮವರ ಚಿಂತೆ ನಿಮಗೆ ಬೇಡ. ನಿನ್ನೆ ಆ ಸಾಲಿನಲ್ಲಿ ಕಾಲಿನ ಸಂಗತಿ ಗೊತ್ತಿಲ್ಲದೆ ನಿಂತಿದ್ದವರು ಅವನ ಕಡೆಯವರೇ. ಅವರಲ್ಲಿ ಒಬ್ಬಳು ಅವನ ಕೋಚ್‌ನ ನಾದಿನಿ. ಚಪ್ಪಲಿಯ ಮಾತು ಹೇಳಿದ್ದಳಲ್ಲ, ಅವಳು."

ಹಿಂದಿರುಗುವ ದಾರಿಯಲ್ಲಿ ಭಾವ ಸಾಮಾನು ತೆಗೆದುಕೊಳ್ಳುವುದನ್ನು ಮರೆತರು. ನೆನಪಾದಾಗ ಅಬುಧಾಬಿಯ ಹತ್ತಿರ ಬಂದಿದ್ದೆವು. "ಖಲಾಸ್" ಎಂದಷ್ಟೇ ಹೇಳಿ ಕಾರು ಓಡಿಸಿದರು.

ಅಲ್ ಮೀನಾ

ಸಂಜೆ ಅಕ್ಕ ಕೆಲಸ ಮುಗಿಸಿ ಬಂದ ಮೇಲೆ ಮೂವರೂ ಅಲ್ ಮೀನಾದ ಮೀನು ಮಾರುಕಟ್ಟೆಗೆ ಹೋದೆವು. ಇಲ್ಲಿ ಮೀನು ಕೊಳ್ಳುವುದು ಒಂದು ಕಡೆ, ಕೊಯ್ಯಿಸುವುದು ಇನ್ನೊಂದು ಕಡೆ. ನಮ್ಮಲ್ಲಿ ಮೀನು ಮಾರುವಾಕೆ ದರ ಹೇಳುತ್ತಲೇ, ಬೈಯುತ್ತಲೇ, ಮನೆಯ ಸುದ್ದಿ ಕೇಳುತ್ತಲೇ ಕೊಯ್ದು ಮುಗಿಸುತ್ತಾಳೆ. ಇಲ್ಲಿ ಟೋಕನ್ ಹಿಡಿದು, ಆಸ್ಪತ್ರೆಯಲ್ಲಿ ಕಾಯುವ ಹಾಗೆ ಕಾಯಬೇಕು. ನಮ್ಮ ಬಂಗುಡೆಗಳ ಸರದಿ ಬರುವ ಮೊದಲು ಅಕ್ಕನ ಫೋನ್ ಬಡಿಯಿತು.

"ನೋರಾ" ಎಂದಳು. ಎತ್ತಿದಳು. "ಅಲ್ ಮೀನಾ… ಹೌದು, ಮೀನಿನ ಹತ್ತಿರ… ಬಾ."

ನೋರಾ ಶಾಲೆಯ ಟ್ರ್ಯಾಕ್ ಪ್ಯಾಂಟಿನಲ್ಲೇ ಬಂದಳು. ಒದ್ದೆ ನೆಲದ ಮೇಲೆ ಜಾರದಂತೆ ನಡೆದು ಬಂದು, ಬ್ಯಾಗಿನಿಂದ ಒಂದು ಸುರುಳಿ ತೆಗೆದು ಭಾವನಿಗೆ ಕೊಟ್ಟಳು. ಹಾಲ್‌ನಲ್ಲಿ ಬಿಟ್ಟುಬಂದಿದ್ದ ಪ್ರೊಜೆಕ್ಟರಿನ ಕೇಬಲ್.

ಭಾವ ಎದೆಯ ಮೇಲೆ ಕೈಯಿಟ್ಟರು. "ಮ್ಯಾಡಂ, ನನ್ನ ಬಾಯಿಗೆ ಬೀಗ ಇಲ್ಲ. ನಿಮ್ಮ ತಮ್ಮನ ಕಾಲು ಹಿಡಿದು ಕ್ಷಮೆ ಕೇಳಬೇಕು ನಾನು—"

"ಯಾವ ಕಾಲನ್ನೂ ಹಿಡಿಯಬೇಡಿ" ಎಂದಳು ನೋರಾ. "ಈಗಾಗಲೇ ಬೇಕಾದಷ್ಟು ಜನ ಹಿಡಿದಿದ್ದಾರೆ."

ಆಮೇಲೆ ಅವಳು ಅಕ್ಕನ ಕಡೆ ತಿರುಗಿ, ಶಾಲೆಯಲ್ಲಿ ವರದಿ ಒಪ್ಪಿಸುವವಳಂತೆ ಹೇಳಿದಳು. ಕೋಚ್ ಬೆಳಿಗ್ಗೆ ಓಯಿನ್‌ನ ಮನೆಗೇ ಹೋಗಿದ್ದ. ಪ್ಯಾಂಟು ಮಡಿಸಿ ಮೊಣಕಾಲು ತೋರಿಸು ಎಂದ. ತೋರಿಸಲಿಲ್ಲ. ಹಾಗಾದರೆ ಕುರ್ಚಿಯ ಮೇಲೆ ಎಡಗಾಲಲ್ಲಿ ಹತ್ತು ಎಂದ. ಹತ್ತಲಾಗಲಿಲ್ಲ. ಭಾನುವಾರದ ತಂಡದಲ್ಲಿ ಓಯಿನ್ ಇಲ್ಲ.

"ಅವನಿಗೆ ಮೂವತ್ತಮೂರು. ಊರು ಮತ್ತೆ ಫೈನಲ್‌ಗೆ ಬರುವಾಗ ಅವನು ಅಂಗಿ ಹಾಕುವ ವಯಸ್ಸಿನಲ್ಲಿ ಇರುವುದಿಲ್ಲ. ಯಾರು ಹೇಳಿದ್ದು ಎಂದು ಫೋನ್ ಮಾಡಿ ಕೇಳಿದ. ನಾನೇ ಎಂದೆ."

"ಯಾಕೆ ಹಾಗೆ ಹೇಳಿದೆ?" ಎಂದಳು ಅಕ್ಕ.

"ನಿನ್ನ ಕಡೆಯಿಂದ ಬಂತು ಎಂದರೆ ನೀನು ಹೇಳಿದ್ದನ್ನು ಇನ್ನು ಮೇಲೆ ಒಂದನ್ನೂ ಕೇಳುವುದಿಲ್ಲ. ನನ್ನ ಮೇಲಿನ ಸಿಟ್ಟು ಕ್ರಿಸ್‌ಮಸ್‌ವರೆಗೆ ಇರುತ್ತದೆ. ಮೊಣಕಾಲು ಅದಕ್ಕಿಂತ ಹೆಚ್ಚು ಕಾಲ ಬೇಕಲ್ಲ."

ಕೊಯ್ಯುವವರು ಯಾರದೋ ದೊಡ್ಡ ಮೀನಿನ ತಲೆ ಬೇರೆ ಮಾಡಿದರು.

"ನೀನು ತೋರಿಸಿದ್ದನ್ನು ನಾನು ಮನೆಯಲ್ಲಿ ಹೇಳಬಾರದಿತ್ತು" ಎಂದಳು ಅಕ್ಕ.

"ಹೌದು. ಹೇಳಬಾರದಿತ್ತು."

ಪರವಾಗಿಲ್ಲ ಎಂದು ನೋರಾ ಸೇರಿಸಲಿಲ್ಲ. ನಮ್ಮವರಾಗಿದ್ದರೆ ಮನಸ್ಸಿನಲ್ಲಿ ಏನಿದ್ದರೂ ಆ ಒಂದು ಮಾತನ್ನು ಸೇರಿಸುತ್ತಿದ್ದರು. ಸೇರಿಸದೆ ನಿಂತಿದ್ದವಳು ಹೊರಟೂ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಅವನು ಈಗಿನಿಂದ ಏನು ಮಾಡಬೇಕು? ವ್ಯಾಯಾಮ, ಅಂಥದ್ದು?"

"ಮಾಡಬೇಕಾದ್ದು ಉಂಟು. ಅಲ್ಲಿಯ ಡಾಕ್ಟರನ್ನೂ ನೋಡಬೇಕು. ನಾನು ವಿಡಿಯೊದಲ್ಲಿ ತೋರಿಸಿಕೊಟ್ಟರೆ ಮಾಡ್ತಾನಾ?"

"ನಾನು ಕಳಿಸಿದರೆ ನೋಡದೆ ಅಳಿಸುತ್ತಾನೆ." ನೋರಾ ಯೋಚಿಸಿದಳು. "ಅಮ್ಮನಿಗೆ ಕಳಿಸು. ಅಮ್ಮ ಕುರ್ಚಿ ಎಳೆದುಕೊಂಡು ಅವನ ತಲೆಯ ಮೇಲೆ ಕೂರುತ್ತಾಳೆ."

ಅಮ್ಮನ ನಂಬರನ್ನು ಅಲ್ಲೇ ಅಕ್ಕನ ಫೋನಿಗೆ ಹಾಕಿದಳು. ನಮ್ಮ ಟೋಕನ್ ಕೂಗಿದರು. ನಾಲ್ಕು ಬಂಗುಡೆಗಳನ್ನು ಬೇರೆ ಚೀಲಕ್ಕೆ ಹಾಕಿಸಿ ಅಕ್ಕ ನೋರಾಳ ಕೈಗೆ ಕೊಟ್ಟಳು. ಅವಳು ಚೀಲದೊಳಗೆ ಬಗ್ಗಿ ನೋಡಿ, "ತಲೆ ಇದೆಯಲ್ಲ" ಎಂದಳು. ವಾಪಸು ಮಾತ್ರ ಕೊಡಲಿಲ್ಲ.

ಮಂಗಳವಾರ ಬೆಳಿಗ್ಗೆ

ಅಕ್ಕ ಕ್ಲಿನಿಕ್‌ಗೆ ಹೋಗುವ ಮೊದಲು ಮನೆಯ ಹಾಲ್‌ನ ಸೋಫಾ ಸರಿಸಿ ಕಾರ್ಪೆಟ್ ಮೇಲೆ ಜಾಗ ಮಾಡಿದೆ. ಅವಳು ತಲೆವಸ್ತ್ರ ಬಿಗಿದು, ಸಡಿಲ ಪೈಜಾಮ ಹಾಕಿ ಮಲಗಿದಳು. ಫೋನ್ ಹಿಡಿಯುವ ಕೆಲಸ ನನ್ನದು. ಮುಖ ಬೇಡ, ಸೊಂಟದಿಂದ ಕೆಳಗೆ ಸಾಕು ಎಂದಳು. ಎಡ ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ನಿಧಾನವಾಗಿ ಒತ್ತಿ ಹಿಡಿದು ಬಿಟ್ಟಳು. ನಂತರ ಕಾಲನ್ನು ನೆಟ್ಟಗೆ ಎತ್ತಿ ಇಳಿಸಿದಳು. ಪ್ರತಿಯೊಂದನ್ನೂ ಮಾಡುತ್ತಲೇ ಸರಳ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು: ನೋವಾದರೆ ನಿಲ್ಲಿಸಬೇಕು, ಉಸಿರು ಕಟ್ಟಬಾರದು, ಏಣಿ ಹತ್ತಬಾರದು.

ಮೊದಲ ಸಲ ಅರ್ಧಕ್ಕೆ ಬಂದಾಗ ಭಾವ ಅಡುಗೆಮನೆಯಿಂದ, "ಹಾಗೆ ಅಲ್ಲ ಜೊಹರಾ, ಸ್ವಲ್ಪ ಮೇಲೆ" ಎಂದರು. ಅಳಿಸಿ ಪುನಃ ಶುರು ಮಾಡಿದೆವು.

ಎರಡನೆಯ ಸಲ ಅವರು ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತರು. ಕಾಲು ಇಳಿಯುವಾಗ ಅವರ ತುಟಿ ಅಲ್ಲಾಡಿತು. ನಾನು ನೋಡಿದೆ. ಅವರು ಚಹಾ ಕುಡಿದರು.

ರೆಕಾರ್ಡಿಂಗ್ ನಿಲ್ಲಿಸಿ ಒಮ್ಮೆ ಪೂರ್ತಿ ನೋಡಿದೆ. ಹೊರಗಿನ ರಸ್ತೆಯ ಸದ್ದು ಬಿಟ್ಟರೆ ಅದರಲ್ಲಿ ಅಕ್ಕನ ದನಿಯೊಂದೇ ಇತ್ತು. ಓಯಿನ್‌ನ ಅಮ್ಮನಿಗೆ ಕಳಿಸಿದೆ.